ಮೊದಲ ಬಾಣಲೆಯ ಕಜ್ಜಾಯ

ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳುಗಳು ಹುಣಸೂರಿನ ಬಜಾರು ರಸ್ತೆಯಲ್ಲಿ ಇನ್ನೂ ಬಾಡಿರುವುದಿಲ್ಲ, ಅಷ್ಟರಲ್ಲಿ ಅಂಗಡಿಗಳ ಮುಂದೆ ಹತ್ತಿಯ ಗಡ್ಡಗಳು ನೇತಾಡತೊಡಗುತ್ತವೆ. ಮುಖವಿಲ್ಲದ ಬರಿಯ ಗಡ್ಡಗಳು. ಅವುಗಳ ಪಕ್ಕದಲ್ಲಿ ಕೆಂಪು ಟೋಪಿ, ಟೋಪಿಯ ಪಕ್ಕದಲ್ಲಿ ದೀಪಾವಳಿಯ ಆಕಾಶಬುಟ್ಟಿ, ಅದಕ್ಕೆ ಆತುಕೊಂಡಂತೆ ನಮ್ಮ ಕ್ರಿಸ್ಮಸ್ಸಿನ ನಕ್ಷತ್ರ. ಸರ್ವಧರ್ಮ ಸಮನ್ವಯವನ್ನು ಕುರಿತು ನಾನು ಕೇಳಿದ ಭಾಷಣಗಳೆಲ್ಲ ಸಾಧಿಸಲಾರದ್ದನ್ನು ಪ್ಲಾಸ್ಟಿಕ್ ವ್ಯಾಪಾರಿಯೊಬ್ಬ ಒಂದು ನೈಲಾನ್ ಹಗ್ಗದ ಮೇಲೆ ಸಾಧಿಸಿಬಿಟ್ಟಿರುತ್ತಾನೆ. ನನ್ನನ್ನು ಕಂಡೊಡನೆ ಅವನು ಕೂಗುವುದೂ ವಾಡಿಕೆ: "ಮೇಷ್ಟ್ರೇ, ನಿಮ್ಮಬ್ಬದ ಮಾಲ್ ಬಂದದೆ ಕಣ್ರೀ, ಆಮೇಲ್ ಬಂದ್ರೆ ಸಿಕ್ಕಕಿಲ್ಲ!"

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದವನು, ಹೆಸರು ಇನ್ನಾಸಪ್ಪ. ಬದುಕಿಡೀ ಸೀಟಿ ಊದಿ ಪರರನ್ನು ಓಡಿಸಿದೆನೇ ಹೊರತು ಯಾರಾದರೂ ಕೂಗಿದಾಗ ನಿಲ್ಲದೆ ಓಡುವ ಕಲೆ ನನಗೆ ಸಿದ್ಧಿಸಲಿಲ್ಲ. ಹೋದ ವರ್ಷ ಹಾಗೆ ನಿಂತ ತಪ್ಪಿಗೆ ಡಬ್ಬಿಯಲ್ಲಿ ಬರುವ ಹಿಮವನ್ನು ಕೊಂಡು ತಂದೆ. ಅದನ್ನು ಅದುಮಿದರೆ ಬುಸ್ಸೆಂದು ಬಿಳಿಯ ನೊರೆ ಹೊರಟು ಗಿಡದ ಮೇಲೆ ಕೂರುತ್ತದೆ. ನಾನು ನನ್ನ ಕನ್ನಡಕದ ಮೇಲೆ ಕೂರಿಸಿಕೊಂಡೆ.

ನಮ್ಮ ಮನೆಯ ಗೋದಲಿಯಲ್ಲಿ ಹಿಂದೆ ಹಿಮ ಬೀಳುತ್ತಿರಲಿಲ್ಲ. ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಕ್ರಿಸ್ಮಸ್ಸಿಗೆ ಮನೆಯ ಮೂಲೆಯಲ್ಲಿ ಕಟ್ಟಿ ನಿಲ್ಲಿಸುವುದನ್ನೇ ನಾವು ಗೋದಲಿ ಎನ್ನುವುದು. ಅವ್ವ ಹಬ್ಬಕ್ಕೆ ಮುಂಚಿತವಾಗಿ ತಟ್ಟೆಯಲ್ಲಿ ಮಣ್ಣು ಹರವಿ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಿದ್ದಳು. ಹಬ್ಬದ ಹೊತ್ತಿಗೆ ಎಳೆಯ ಪೈರು ಎದ್ದು ಬೆತ್ಲೆಹೇಮಿನ ಹುಲ್ಲುಗಾವಲು ಸಿದ್ಧವಾಗುತ್ತಿತ್ತು. ಕೊಟ್ಟಿಗೆಯ ಕೆಲಸ ಅಪ್ಪನದು. ಆತ ಕಂಡಿದ್ದ ಭವ್ಯ ಕಟ್ಟಡವೆಂದರೆ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಆದ್ದರಿಂದ ನಮ್ಮ ಬಾಲಯೇಸು ವರ್ಷವರ್ಷವೂ ಎತ್ತರದ ಗೋಡೆಯ, ತಗಡಿನ ಮಾಡಿನ ಒಂದು ಬ್ಯಾರನ್ನಿನಲ್ಲೇ ಅವತರಿಸುತ್ತಿದ್ದ. ಯಾರೂ ಆಕ್ಷೇಪಿಸಲಿಲ್ಲ. ಜಾಗ ಸಿಗದೆ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಗು, ಹುಣಸೂರಿನಲ್ಲಿ ಹುಟ್ಟಿದ್ದರೆ ಬ್ಯಾರನ್ನಿನಲ್ಲಿ ಹುಟ್ಟುತ್ತಿದ್ದುದರಲ್ಲಿ ಸಂದೇಹವೇನಿದೆ?

ಈಗ ಗೋದಲಿಗೂ ಸ್ಪರ್ಧೆ, ಸ್ಪರ್ಧೆಗೆ ಪ್ರಾಯೋಜಕರು, ಪ್ರಾಯೋಜಕರಿಗೆ ಫ್ಲೆಕ್ಸು. ಹೋಗಲಿ ಬಿಡಿ, ಸಂತೆಯ ಗದ್ದಲ ಯಾವ ಹಬ್ಬವನ್ನು ಬಿಟ್ಟಿದೆ? ಅದರ ಮೇಲೆ ನನಗೆ ಸಿಟ್ಟಿಲ್ಲ. ನೊರೆಯ ಡಬ್ಬಿ ಕೊಂಡವನಿಗೆ ಸಿಟ್ಟಾಗುವ ಅಧಿಕಾರವೂ ಇಲ್ಲ. ಆದರೆ ಗಡ್ಡ ಟೋಪಿಗಳ ಜೊತೆಗೆ ಇನ್ನೊಂದು ಸರಕೂ ಈಚೆಗೆ ಬರತೊಡಗಿದೆ. ಅದು ಹಗ್ಗಕ್ಕೆ ನೇತು ಹಾಕುವಂಥದ್ದಲ್ಲ, ತಲೆಯೊಳಗೆ ಇಳಿಸುವಂಥದ್ದು. ಅದು ನಮ್ಮ ಮನೆಗೆ ಬಂದ ಬಗೆಯನ್ನು ನಿಮಗೆ ಹೇಳಬೇಕು.

ನನ್ನ ಹೆಂಡತಿ ರೀಟಾ ಭಕ್ತೆ. ಪಕ್ಕದ ಮನೆಯ ಸಣ್ಣಮ್ಮ ಅವಳಿಗೆ ಅಕ್ಕ. ಒಡಹುಟ್ಟಿದ ಅಕ್ಕನಲ್ಲ, ಒಕ್ಕಲಿಗರ ಮನೆಯಾಕೆ, ಎಪ್ಪತ್ತರ ಆಸುಪಾಸಿನವರು. ರೀಟಾ ಸೊಸೆಯಾಗಿ ಬಂದಾಗ ಅವಳಿಗೆ ಸೌದೆ ಒಲೆ ಹೊತ್ತಿಸುವುದನ್ನೂ, ಅತ್ತೆಯ ಮುಖ ನೋಡಿ ಹವಾಮಾನ ತಿಳಿಯುವುದನ್ನೂ ಕಲಿಸಿದವರು ಅವರೇ. ನಮ್ಮ ಎರಡು ಮನೆಗಳ ನಡುವೆ ಒಂದು ಸ್ಟೀಲ್ ತಟ್ಟೆ ಓಡಾಡುತ್ತದೆ. ದೀಪಾವಳಿಗೆ ಅಲ್ಲಿಂದ ಕಜ್ಜಾಯ ಬರುತ್ತದೆ, ಕ್ರಿಸ್ಮಸ್ಸಿಗೆ ಇಲ್ಲಿಂದ ಕಜ್ಜಾಯ ಹೋಗುತ್ತದೆ. ಕಜ್ಜಾಯಕ್ಕೆ ಜೀವವೆಂದರೆ ಬೆಲ್ಲದ ಪಾಕ: ಒಂದು ಗಳಿಗೆ ಮುಂಚೆ ಇಳಿಸಿದರೆ ಎಣ್ಣೆಯಲ್ಲಿ ಚದುರಿಹೋಗುತ್ತದೆ, ಒಂದು ಗಳಿಗೆ ತಡವಾದರೆ ಹಲ್ಲು ಹೋಗುತ್ತದೆ. ರೀಟಾ ಸ್ವತಂತ್ರವಾಗಿ ಪಾಕ ತೆಗೆದ ಒಂದೇ ಒಂದು ವರ್ಷದ ಕಜ್ಜಾಯವನ್ನು ನಾನು ಶಾಲೆಯ ಗುಂಡು ಎಸೆತಕ್ಕೆ ಕೇಳಿದ್ದೆನೆಂಬ ಅಪವಾದ ಈಗಲೂ ನನ್ನ ಮೇಲಿದೆ. ಅಂದಿನಿಂದ ನಮ್ಮ ಕ್ರಿಸ್ಮಸ್ಸಿನ ಪಾಕ ಸಣ್ಣಮ್ಮನವರದೇ.

ಹೀಗಿರುವಾಗ ಕಳೆದ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ, ಕೆ.ಆರ್. ನಗರದ ಕಲ್ಯಾಣಮಂಟಪವೊಂದರಲ್ಲಿ ದೊಡ್ಡ ಪ್ರಾರ್ಥನಾ ಸಭೆ ಏರ್ಪಾಟಾಯಿತು. ನಮ್ಮ ಚರ್ಚಿನದಲ್ಲ, ಎಲ್ಲಿಂದಲೋ ಬಂದ ಹೊಸ ಮಂಡಳಿ. ರೀಟಾಳಿಗೆ ಮಂಡಿನೋವು, ನೋವಿಗೆ ವಿಶೇಷ ಪ್ರಾರ್ಥನೆಯುಂಟೆಂದು ಯಾರೋ ಹೇಳಿದ್ದರು, ನಾನು ಚೀಲ ಹೊರಲು ಹೋದೆ. ದೊಡ್ಡ ಪರದೆ, ಕಿವಿ ಗುಂಯ್‌ಗುಡುವ ಸಂಗೀತ. ಬಾಗಿಲಲ್ಲಿ ಅಭಿಷೇಕದ ಎಣ್ಣೆಯ ಸೀಸೆ, ಕೈಪಟ್ಟಿ, ಬೋಧಕರ ಭಾವಚಿತ್ರವಿರುವ ಕ್ಯಾಲೆಂಡರು. ಬೋಧಕರ ಭಾವಚಿತ್ರ ದೊಡ್ಡದು, ಯೇಸುವಿನದು ಮೂಲೆಯಲ್ಲಿ, ಕಂಪನಿಯ ಮುದ್ರೆಯ ಹಾಗೆ. ಎಣ್ಣೆ ಮಾರಿದ್ದಕ್ಕೆ ನನ್ನ ತಕರಾರಿರಲಿಲ್ಲ. ಆಮೇಲೆ ಆ ಮನುಷ್ಯ ದನಿ ತಗ್ಗಿಸಿ, ವಿಗ್ರಹದ ಮುಂದೆ ಇಟ್ಟಿದ್ದನ್ನು ತಿನ್ನುವ ಬಾಯಲ್ಲಿ ಮಾಡಿದ ಪ್ರಾರ್ಥನೆ ಮೇಲಕ್ಕೆ ಹೋಗುವುದಿಲ್ಲ, ನೆರೆಮನೆಯ ಪ್ರಸಾದದ ದಾರಿಯಲ್ಲೇ ನಿಮ್ಮ ಮನೆಗೆ ರೋಗ ಬರುತ್ತಿದೆ ಎಂದ. ಸಭೆ ನಿಟ್ಟುಸಿರಿಟ್ಟಿತು. ನನ್ನ ಪಕ್ಕದಲ್ಲಿ ರೀಟಾ ಮೆಲ್ಲಗೆ ಮಂಡಿಯನ್ನು ಮುಟ್ಟಿ ನೋಡಿಕೊಂಡಳು.

ಎಣ್ಣೆಯ ಸೀಸೆಯ ಜೊತೆ ಆ ಮಾತೂ ಬಸ್ಸು ಹತ್ತಿ ನಮ್ಮ ಮನೆಗೆ ಬಂತು. ನಾನು ಚರ್ಚಿಸಿದೆ, ಗೇಲಿ ಮಾಡಿದೆ, ರೇಗಿದೆ. ಮಂಡಿನೋವಿನವರ ಮುಂದೆ ತರ್ಕ ನಡೆಯುವುದಿಲ್ಲ. ದೀಪಾವಳಿಯ ಮಧ್ಯಾಹ್ನ ಸಣ್ಣಮ್ಮ ಬಾಳೆಲೆ ಮುಚ್ಚಿದ ತಟ್ಟೆ ಹಿಡಿದು ಬಂದಾಗ ರೀಟಾ ಬಾಗಿಲಲ್ಲೇ ನಿಂತಳು. ನೇರವಾಗಿ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಒಂದು ಸುಳ್ಳು.

"ಡಾಕ್ಟ್ರು ಶುಗರ್ ಅದೆ ಅಂದವ್ರೆ ಕಣಕ್ಕ. ಸಿಹಿ ಮುಟ್ಟಂಗಿಲ್ವಂತೆ."

"ಅಯ್ಯೋ ನನ್ ಕಂದ!" ಎಂದರು ಸಣ್ಣಮ್ಮ. ಆ ಮನೆ ಈ ಮನೆಯ ನಡುವೆ ಎಂದೂ ಬರಿದಾಗಿ ಮರಳದ ತಟ್ಟೆ ಅಂದು ತಂದದ್ದನ್ನೆಲ್ಲ ಹೊತ್ತುಕೊಂಡು ಮರಳಿತು. ನನಗಾದರೂ ಒಂದೆರಡು ಇಡಬಹುದಿತ್ತು. ಆದರೆ ಕಾಯಿಲೆಯ ಮನೆಯಲ್ಲಿ ಸಿಹಿ ಇರಬಾರದೆಂದು ಸಣ್ಣಮ್ಮನವರೇ ತೀರ್ಮಾನಿಸಿಬಿಟ್ಟರು.

ಇನ್ನು ಆ ಸುಳ್ಳಿನ ಸಂಸಾರವನ್ನು ಕೇಳಿ. ಮರುದಿನವೇ ಪಕ್ಕದ ಮನೆಯಿಂದ ಹಾಗಲಕಾಯಿ ಬಂತು. ಆಮೇಲೆ ನೆನೆಸಿದ ಮೆಂತ್ಯ, ಆಮೇಲೆ ನೇರಳೆ ಬೀಜದ ಪುಡಿ. ಅಂತರಸಂತೆಯಲ್ಲಿರುವ ತಂಗಿಯ ಮನೆಗೆ ಹೋದ ಸಣ್ಣಮ್ಮ ಅಲ್ಲಿಂದ ಯಾವುದೋ ಚಕ್ಕೆ ತಂದು ತಾವೇ ಕಷಾಯ ಕಾಸಿ, ರೀಟಾ ಕುಡಿದು ಮುಗಿಸುವವರೆಗೆ ಎದುರಿಗೆ ಕುಳಿತರು. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಿಸಿ ತುಪ್ಪವಾದರೂ ಎಷ್ಟೋ ವಾಸಿ! ಇಲ್ಲದ ರೋಗಕ್ಕೆ ಪಥ್ಯ ಮಾಡುವ ದಾಂಪತ್ಯದಲ್ಲಿ ಗಂಡನ ಪಾಡೇನೆಂದು ನೀವು ಊಹಿಸಬಲ್ಲಿರಿ. ನಾನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೇಸರಿಬಾತಿನ ಮುಂದೆ ಕಳ್ಳನಂತೆ ಕೂರುವ ಸ್ಥಿತಿಗೆ ಬಂದೆ. ಆದರೆ ನಿಜಕ್ಕೂ ಹಿಂಸೆಯಾದದ್ದು ರೀಟಾಳಿಗೆ. ಪ್ರತಿ ಬಟ್ಟಲು ಕಷಾಯದ ಜೊತೆಗೂ ಅವಳು ಆ ಅಕ್ಕನಿಂದ ಒಂದಿಷ್ಟು ದೂರವಾಗುತ್ತಿದ್ದಳು. ಹಿತ್ತಲ ಬೇಲಿಯ ಬಳಿಯ ಮಾತು ನಿಂತಿತು. ಸಣ್ಣಮ್ಮನವರ ದನಿ ಕೇಳಿದರೆ ಒಳಗೆ ಹೋಗಿಬಿಡುವಳು. ಹೀಗೇ ಬಿಟ್ಟರೆ ಎರಡು ಮನೆಗಳ ಜೀವ ಒಣಗಿಹೋಗುತ್ತದೆಂದು ನನಗೆ ದಿಗಿಲಾಯಿತು. ಮಂಡಿನೋವು ಮಾತ್ರ ಇದ್ದ ಹಾಗೇ ಇತ್ತು.

ಕ್ರಿಸ್ಮಸ್ಸು ಹತ್ತಿರ ಬಂತು. ಕರೆಯದಿದ್ದರೂ ಸಣ್ಣಮ್ಮ ಬಂದರು, ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತರು. ಕಾಯಿಲೆಯಿದ್ದರೇನಂತೆ, ಬಂದವರಿಗೆ ಕೊಡಲು ಕಜ್ಜಾಯ ಬೇಡವೇ ಎಂಬುದು ಅವರ ವಾದ. ಬೆಲ್ಲ ಕರಗಿ ಕುದಿಯತೊಡಗಿದಾಗ ರೀಟಾಳನ್ನು ನೋಡಿ ಹೇಳಿದರು: "ನೀ ಅತ್ಲಾಗ್ ಕೂತ್ಕೊ ಕಣವ್ವ. ವಾಸ್ನೆಗೆ ಆಸೆ ಆದ್ರೆ ನನ್ ಒಟ್ಟೆ ಉರಿತದೆ."

ಅಷ್ಟೇ ಸಾಕಾಯಿತು. ರೀಟಾ ಗೋಡೆಗೆ ಒರಗಿ ಮಗುವಿನಂತೆ ಅತ್ತುಬಿಟ್ಟಳು. "ನಂಗೆ ಶುಗರ್ರೂ ಇಲ್ಲ ಏನೂ ಇಲ್ಲ ಕಣಕ್ಕ. ದೇವ್ರಿಗೆ ಎಡೆ ಇಟ್ಟಿದ್ ತಿನ್‌ಬಾರ್ದು ಅಂತ ಸಭೇಲಿ ಏಳುದ್ರು. ಅದ್ಕೇ ಬ್ಯಾಡ ಅಂದೆ."

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸಣ್ಣಮ್ಮನವರ ಮುಖ ಬಿಳುಪೇರಿತು. ಎದ್ದು ಹೋಗುತ್ತಾರೆ, ಹೋದರೆ ಇನ್ನು ಬರುವುದಿಲ್ಲ ಎಂದುಕೊಂಡೆ. ಆದರೆ ಪಾಕ ಯಾರ ಮನಸ್ತಾಪಕ್ಕೂ ಕಾಯುವುದಿಲ್ಲವಲ್ಲ! ಅವರು ಬಟ್ಟಲ ನೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಪಾತ್ರೆ ಇಳಿಸಿ, "ಇಟ್ ಸುರೀರಿ ಮೇಷ್ಟ್ರೇ" ಎಂದರು. ನಾನು ಹಿಟ್ಟು ಸುರಿದೆ, ಅವರು ಗಂಟಾಗದಂತೆ ತೊಳಸಿದರು. ಎಲ್ಲ ಮುಗಿದು ಪಾತ್ರೆಗೆ ಮುಚ್ಚಳ ಹಾಕಿದ ಮೇಲೆ ಮಾತಾಡಿದರು.

"ಎಡೆ ಇಟ್ಟಿದ್ದ ನಿಮ್ಗೆ ಯಾವತ್ ಕೊಟ್ಟಿದ್ದೀನಿ ರೀಟವ್ವ? ನಾ ಮದ್ವೆಯಾಗಿ ಬಂದ್ ವರ್ಸ ತಟ್ಟೆ ತಂದ್ ಕೊಟ್ಟೆ. ನಿಮ್ಮತ್ತೆ ಇಸ್ಕೊಂಡ್ರು. ಆಮ್ಯಾಕೆ ನೋಡುದ್ರೆ ಕೊಟ್ಗೆ ತಾವ ನಿಂತ್ಕೊಂಡು, ತಿನ್ನಕೂ ಆಗ್ದೆ ಬಿಸಾಕಕೂ ಆಗ್ದೆ ಕಣ್ಣೀರಾಕ್ತಾವ್ರೆ. ಆಗ್ಲೂ ನಿಮ್ಮೋರ್ ಯಾರೋ ಅಂಗೇ ಏಳಿದ್ರೇನೋ ಬುಡು. ಅವತ್ತಿಂದ ಮೊದ್ಲ್ ಬಾಣ್ಲೇಲಿ ತೆಗ್ದಿದ್ದೆಲ್ಲ ನಿಮ್ದು. ಅದ್ನ ಮಡಗ್ಬುಟ್ಟು ಆಮ್ಯಾಕೆ ದೇವ್ರಿಗೆ. ನಮ್ಮತ್ತೆಗೂ ಗೊತ್ತಿರ್ನಿಲ್ಲ."

ಇದರ ತೂಕ ತಿಳಿಯಬೇಕಾದರೆ ಅವರ ಮನೆಯ ಹಬ್ಬದ ಕಟ್ಟಳೆ ತಿಳಿದಿರಬೇಕು. ದೇವರಿಗೆಂದು ಮಾಡಿದ್ದು ಮೀಸಲು. ಮಿಂದು ಮಡಿಯಲ್ಲಿ ಬೇಯಿಸಿ, ಎಡೆ ಇಟ್ಟು, ಆರತಿಯಾಗುವವರೆಗೆ ಮನೆಯ ಮಗುವಿಗೂ ಚೂರು ಕೊಡುವಂತಿಲ್ಲ. ಮೀಸಲು ಮುರಿದರೆ ಕೇಡು ಎಂಬುದು ಅವರ ನಂಬಿಕೆ. ಹೊಸ ಸೊಸೆಯೊಬ್ಬಳು, ಹುಲಿಯಂಥ ಅತ್ತೆಯ ಕಣ್ಣು ತಪ್ಪಿಸಿ, ನೆರೆಮನೆಯ ಕ್ರೈಸ್ತ ಹೆಂಗಸು ಕಣ್ಣೀರು ಹಾಕಬಾರದೆಂದು ಆ ಮೀಸಲನ್ನು ಮುರಿದಳು. ಮುರಿಯುತ್ತಲೇ ಬಂದಳು. ಕೇಡು ಬಂದರೆ ತನಗೇ ಬರಲೆಂದು ಯಾರಿಗೂ ಹೇಳಲಿಲ್ಲ. ನನ್ನ ಅವ್ವ ಇದನ್ನು ತಿಳಿಯದೆಯೇ ಹೋದಳು. ಸುಳ್ಳೇಕೆ, ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅತ್ತು ಹಗುರಾದ ಮೇಲೆ ಸಿಟ್ಟು ಬಂತು. ಮಂಟಪದ ಆ ಬೋಧಕನ ಮೇಲಷ್ಟೇ ಅಲ್ಲ. ಅವ್ವನ ಕಾಲದಲ್ಲೂ ಯಾರೋ ಇದೇ ಭಯವನ್ನು ಹಂಚಿದ್ದಿರಬೇಕು, ಧ್ವನಿವರ್ಧಕ ಪರದೆಗಳಿಲ್ಲದೆ ಪುಕ್ಕಟೆಯಾಗಿ ಹಂಚಿದ್ದರು, ಅಷ್ಟೇ ವ್ಯತ್ಯಾಸ. ಈಗ ಅದರ ಜೊತೆಗೊಂದು ಸೀಸೆ ಎಣ್ಣೆ ಬರುತ್ತದೆ. ಯೋಚಿಸಿದಷ್ಟೂ ನೊರೆಯ ಹಿಮದ ವ್ಯಾಪಾರಿಗೂ ಆ ಬೋಧಕನಿಗೂ ಒಂದು ನೆಂಟಸ್ತಿಕೆ ಕಾಣುತ್ತದೆ. ನಿನ್ನ ರಾಗಿ ಪೈರು ಸಾಲದು ಎನ್ನುತ್ತಾನೆ ಒಬ್ಬ, ನಿನ್ನ ನೆರೆಯವಳು ಸಲ್ಲದು ಎನ್ನುತ್ತಾನೆ ಇನ್ನೊಬ್ಬ. ನಾವು ನಮ್ಮ ಅಡಿಗೆಮನೆಯಲ್ಲಿ ತೃಪ್ತರಾಗಿದ್ದರೆ ಇಬ್ಬರ ಅಂಗಡಿಯೂ ಮುಚ್ಚುತ್ತದೆ. ನೊರೆ ಒರೆಸಿದರೆ ಹೋದೀತು. ಇನ್ನೊಂದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ನಮ್ಮ ಮನೆಯಿಂದ ಹೋಗಿದ್ದರೆ ಅದು ಸಣ್ಣಮ್ಮನವರ ದೊಡ್ಡತನದಿಂದ. ನನ್ನ ತರ್ಕದಿಂದಂತೂ ಅಲ್ಲ.

ಆ ಕ್ರಿಸ್ಮಸ್ಸಿಗೆ ತಟ್ಟೆ ಎಂದಿನಂತೆ ಹೋಯಿತು. ಆದರೂ ರೀಟಾಳ ಮನಸ್ಸಿನಲ್ಲಿ ಏನೋ ಬಾಕಿಯಿತ್ತೆಂದು ನನಗೆ ಗೊತ್ತಿತ್ತು. ಈ ವರ್ಷ ದೀಪಾವಳಿಯ ಬೆಳಿಗ್ಗೆ ಅವಳು ತಲೆಗೆ ಮಿಂದು ನಡೆದಳು ಪಕ್ಕದ ಮನೆಗೆ. ಬಾಗಿಲ ಬಳಿ ನಿಲ್ಲಲು ನನಗೂ ಅಪ್ಪಣೆ ಸಿಕ್ಕಿತು. ಸಣ್ಣಮ್ಮ ಮೊದಲ ಬಾಣಲೆಯ ಕಜ್ಜಾಯಗಳನ್ನು ಎಣ್ಣೆ ಹಿಂಡಿ ತೆಗೆದು, ಈಗ ಗುಟ್ಟಿನ ಹಂಗಿಲ್ಲವಾದ್ದರಿಂದ ಮನೆಯವರೆಲ್ಲರ ಎದುರೇ ಒಂದನ್ನು ಬಾಳೆಲೆಯ ಚೂರಿನ ಮೇಲಿಟ್ಟು ರೀಟಾಳ ಕೈಗೆ ಕೊಟ್ಟರು. ಅವಳು ತಿನ್ನಲಿಲ್ಲ. ಎಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಎರಡನೆಯ ಬಾಣಲೆಯಾಯಿತು. ಒಳಗೆ ದೇವರ ಮುಂದೆ ಎಲೆ ಹಾಸಿದರು.

ಸಣ್ಣಮ್ಮನವರ ಮುಖ ಸಪ್ಪಗಾಯಿತು. "ತಿನ್ನವ್ವ, ಆರೋಯ್ತದೆ. ಈಗ್ಲೂ ಭಯನಾ?"

"ಆರ್ಲಿ ಬುಡಕ್ಕ," ಎಂದಳು ರೀಟಾ. "ನಿಮ್ ದೇವ್ರು ಇಷ್ಟ್ ವರ್ಸ ನಮ್ಗೋಸ್ಕರ ಕಾದವ್ನೆ. ನಾನೊಂದ್ ಗಳ್ಗೆ ಕಾಯಕಾಗಲ್ವಾ?"