ಲಾಳಿಗೆ ಹೋದ ಹಿತ್ತಾಳೆ ಉಂಗುರ

ಮೊನ್ನೆ ಶೈಲಾ ಪಾರ್ಸೆಲ್ ಬಿಚ್ಚುತ್ತಿದ್ದಾಗ ಒಂದು ಪುಟ್ಟ ಪ್ಲಾಸ್ಟಿಕ್ ಪಾಕೀಟು ಜಾರಿ ನನ್ನ ಕಾಲ ಬಳಿ ಬಿತ್ತು. ಒಳಗೆ ಕಡಲೆಕಾಳಿನಷ್ಟು ದೊಡ್ಡ ಎರಡು ಹಿತ್ತಾಳೆ ಉಂಗುರ, ಅದೇ ಹಿತ್ತಾಳೆಯ ಗಿಡ್ಡ ಕೊಳವೆ, ಕೆಂಪು ಪ್ಲಾಸ್ಟಿಕ್ಕಿನ ಒಂದು ಚಪ್ಪಟೆ ತುಂಡು. ಬೇರೆಯವರಾಗಿದ್ದರೆ ಕಸದ ಜೊತೆ ಗುಡಿಸಿಬಿಡುತ್ತಿದ್ದರು. ನನಗೆ ಮಾತ್ರ ಅದನ್ನು ಕಂಡೊಡನೆ ಮೈ ಉರಿದುಹೋಯಿತು. ಬಾಗಲಕೋಟೆಯ ನವನಗರದ ಶಾಲೆಯಲ್ಲಿ ಮಕ್ಕಳಿಗೆ ಸಮಾಧಾನದ ಮಹತ್ವ ಹೇಳಿಕೊಟ್ಟೇ ಸಂಬಳ ತೆಗೆದುಕೊಳ್ಳುವವಳು ನಾನು. ಇಷ್ಟು ಸಣ್ಣ ಸಾಮಾನಿನ ಮೇಲೆ ಅಷ್ಟು ದೊಡ್ಡ ಸಿಟ್ಟೇ ಎಂದು ನೀವು ಕೇಳಬಹುದು. ಪೂರ್ತಿ ಕೇಳಿ, ಆಮೇಲೆ ನಗುವುದಾದರೆ ನಗಿ.

ಶೈಲಾ ನನ್ನ ಅಣ್ಣನ ಮಗಳು. ಅಣ್ಣ ಇಳಕಲ್ಲಿನಲ್ಲಿ ನೇಕಾರ. ನಮ್ಮ ಮನೆತನದ ಕೈಮಗ್ಗ ಈಗಲೂ ಅವನದೇ. ಕಾಲೇಜಿಗೆಂದು ನನ್ನ ಮನೆಗೆ ಬಂದ ಹುಡುಗಿ ಕಾಲೇಜಿಗಿಂತ ಹೆಚ್ಚಾಗಿ ಸೈಕಲ್ಲಿಗೆ ಅಂಟಿಕೊಂಡಳು. ನಮ್ಮ ಕಡೆ ಅದು ಹೊಸದೇನಲ್ಲ. ಬೆಳಿಗ್ಗೆ ಎದ್ದು ಕಲಾದಗಿ ರಸ್ತೆಗೆ ಹೋದರೆ ತಲೆ ಬಗ್ಗಿಸಿಕೊಂಡು ಪೆಡಲು ತುಳಿಯುವ ಮಕ್ಕಳು ಸಾಲಾಗಿ ಎದುರಾಗುತ್ತಾರೆ. ಇವಳಿಗೆ ಕಲ್ಲುಗುಡ್ಡದಲ್ಲಿ ಓಡಿಸುವ ಸೈಕಲ್ಲೇ ಬೇಕಾಯಿತು, ಅಣ್ಣನೂ ನಾನೂ ಸೇರಿ ಕೊಡಿಸಿದೆವು. ಅದರ ಬ್ರೇಕು ನಮ್ಮ ಕಾಲದ ರಬ್ಬರಿನದಲ್ಲ. ಹಿಡಿ ಅದುಮಿದರೆ ತೆಳ್ಳನೆಯ ಪೈಪಿನೊಳಗಿನ ಎಣ್ಣೆ ಮುಂದಕ್ಕೆ ಒತ್ತಿ, ಗಾಲಿಯ ನಡುವಿನ ಉಕ್ಕಿನ ತಟ್ಟೆಯನ್ನು ಎರಡೂ ಬದಿಯ ಬಿಲ್ಲೆಗಳಿಂದ ಹಿಡಿಸುತ್ತದೆ. ಎಂಥ ಇಳಿಜಾರಿನಲ್ಲೂ ಒಂದು ಬೆರಳು ಸಾಕು.

ಆಗಲೂ ಸೈಕಲ್ಲಿನ ಜೊತೆ ಇಂಥದೇ ಪಾಕೀಟು ಬಂದಿತ್ತು. ಉಂಗುರ ಮಾತ್ರ ಒಂದೇ. ಏನಿದು ಎಂದು ಅಂಗಡಿಯವನನ್ನು ಕೇಳಿದೆ.

"ಏನಿಲ್ರಿ ಮೇಡಂ, ಎಕ್ಸ್‌ಟ್ರಾ ಸಾಮಾನು. ಇಟ್ರ ಇಡ್ರಿ, ಒಗದ್ರ ಒಗೀರಿ," ಅಂದ.

ಜೊತೆಗೊಂದು ಪುಸ್ತಿಕೆ. ಯಾವ ದೇಶದ್ದೆಂದು ಗುರುತು ಸಿಗದ ಲಿಪಿಗಳೆಲ್ಲ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಇಂಗ್ಲಿಷ್ ಪುಟದಲ್ಲಿ ಬ್ರೇಕಿನ ಎಣ್ಣೆಯನ್ನು ಕುಡಿಯಬಾರದು ಎಂದು ದಪ್ಪಕ್ಷರದಲ್ಲಿ ಎಚ್ಚರಿಸಿದ್ದರು. ಬ್ರೇಕಿನ ಎಣ್ಣೆ ಕುಡಿಯಲು ಹೊರಟವನ ಬಗ್ಗೆ ಇಷ್ಟು ಮರುಗುವ ಜನಕ್ಕೆ, ಈ ಉಂಗುರ ಯಾಕೆ ಕೊಟ್ಟಿದ್ದೇವೆ ಎಂದು ಒಂದು ಸಾಲು ಬರೆಯಲು ಕೈ ಬರಲಿಲ್ಲ.

ನಮ್ಮ ಮನೆಯಲ್ಲಿ ಹೊಸ ಸಾಮಾನು ಏನೇ ಬರಲಿ, ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮಗ್ಗದ ಮುಂದೆ ಕೂತು ಕುಂಕುಮ ಹಚ್ಚಿಸಿಕೊಳ್ಳಲೇಬೇಕು. ನನ್ನ ಮಿಕ್ಸರು, ಮೊದಲ ಮೊಬೈಲು, ಎಲ್ಲವೂ ಬಸ್ಸು ಹತ್ತಿ ಇಳಕಲ್ಲಿಗೆ ಹೋಗಿ ಬಂದವೇ. ಸೈಕಲ್ಲೂ ಹೋಯಿತು, ಪಾಕೀಟಿನ ಸಮೇತ. ಅಣ್ಣನ ಹೆಂಡತಿ, ನಮ್ಮ ವೈನಿ, ಎಣ್ಣೆಯ ಬಟ್ಟಲು ಹಿಡಿದು ಗಾಲಿಯ ತಟ್ಟೆಯ ಕಡೆ ಬಂದಾಗ ನಾನು ಹಾರಿಹೋಗಿ ಅಡ್ಡ ನಿಂತೆ.

"ವೈನಿ, ಅದಕ್ಕ ಎಣ್ಣಿ ಬಡದ್ರ ಬ್ರೇಕ್ ಹಿಡಿಯಂಗಿಲ್ಲ. ಬರೇ ಹೂವ ಇಡು."

ದೊಡ್ಡ ಅನಾಹುತ ತಪ್ಪಿಸಿದೆನೆಂದು ಬೀಗುತ್ತ ಹೋಳಿಗೆ ಉಣ್ಣಲು ಕೂತೆ. ಅಷ್ಟರಲ್ಲಿ ಅಣ್ಣ ಪಾಕೀಟು ಬಿಚ್ಚಿ, ಉಂಗುರವನ್ನು ಲಾಳಿಗಳ ಜೊತೆ ಹರಿವಾಣದಲ್ಲಿಟ್ಟು ಪೂಜೆ ಮಾಡಿದ್ದ. ಲಾಳಿ ಎಂದರೆ ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಮರದ ದೋಣಿ. ನೂಲು ಅದರ ಬದಿಯ ತೂತಿನಿಂದ ಹೊರಗೆ ಬರುತ್ತದೆ. ಅವನ ಒಂದು ಲಾಳಿಯ ತೂತು ಸವೆದು, ರೇಷ್ಮೆಯ ಎಳೆ ಪದೇ ಪದೇ ಹರಿಯುತ್ತಿತ್ತು. ಪೂಜೆಯಾದ ಹಿತ್ತಾಳೆಯನ್ನು ಸುಮ್ಮನೆ ಇಡುವುದು ನೇಕಾರನ ಜಾಯಮಾನವಲ್ಲ. ನಾವು ನವನಗರಕ್ಕೆ ಹಿಂತಿರುಗಿದ ಮೇಲೆ, ಸುತ್ತಿಗೆಯಿಂದ ಹಗುರಾಗಿ ಬಡಿದು ಉಂಗುರವನ್ನು ಆ ತೂತಿಗೆ ಕೂರಿಸಿದ. ಎಳೆ ಹರಿಯುವುದು ನಿಂತಿತು. ಇದು ನಮಗೆ ಗೊತ್ತಾದದ್ದು ಆ ಚಳಿಗಾಲದಲ್ಲಿ.

ಬಾದಾಮಿಯ ಹತ್ತಿರ ಗುಡ್ಡದ ದಾರಿಯಲ್ಲಿ ಆಯ್ಕೆಯ ಓಟ ಇತ್ತು. ಗೆದ್ದವರಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ, ತರಬೇತಿ. ವಯಸ್ಸಿನ ಮಿತಿಯಿಂದಾಗಿ ಶೈಲಾಳಿಗೆ ಅದೇ ಕೊನೆಯ ಅವಕಾಶ. ಅಭ್ಯಾಸಕ್ಕೆ ಹೋದಾಗ ಮುಂದಿನ ಬ್ರೇಕಿನ ಪೈಪು ಜಾಲಿಯ ಮುಳ್ಳುಕಂಟಿಗೆ ಸಿಕ್ಕಿ, ಹಿಡಿಯ ಬಳಿ ಕಿತ್ತುಬಂತು. ಬಾಗಲಕೋಟೆಯ ಮೆಕ್ಯಾನಿಕ್ ತಿರುಗಿಸಿ ನೋಡಿದ.

"ತುದಿ ಕತ್ತರಿಸಿ ಮತ್ತ ಕೂಡಸ್ತೇನ್ರಿ. ಹೊಸಾ ಉಂಗುರ ಕೊಡ್ರಿ. ಹಳೇದು ಒಮ್ಮಿ ಅಮುಕಿದ್ರ ಮುಗೀತು, ಮತ್ತ ಹಿಡಿಯಂಗಿಲ್ಲ. ಸೈಕಲ್ ಜೋಡಿ ಕೊಟ್ಟಿರ್ತಾರಲ್ಲ?"

ಆ ಎಕ್ಸ್‌ಟ್ರಾ ಸಾಮಾನು ಯಾಕೆ ಬಂದಿತ್ತು ಎನ್ನುವುದು ನನಗೆ ಆಗ ತಿಳಿಯಿತು. ಕೊಳವೆ ಪೈಪಿನ ಬಾಯೊಳಗೆ ಹೋಗಿ ಅದು ಕುಗ್ಗದಂತೆ ಹಿಡಿಯುತ್ತದೆ. ಉಂಗುರ ಹೊರಗಿನಿಂದ ಅಮುಕಿ ಒಂದು ಹನಿ ಎಣ್ಣೆಯನ್ನೂ ಸೋರಗೊಡುವುದಿಲ್ಲ. ಇಳಕಲ್ಲಿನಿಂದ ತಂದ ಪಾಕೀಟು ಬಿಚ್ಚಿದರೆ ಒಳಗೆ ಕೊಳವೆ ಇತ್ತು, ಉಂಗುರ ಇರಲಿಲ್ಲ. ಉಂಗುರಕ್ಕಾಗಿ ಬಾಗಲಕೋಟೆಯ ಅಂಗಡಿಗಳನ್ನೆಲ್ಲ ಅಲೆದೆ, ಹುನಗುಂದದ ಪರಿಚಯದವರಿಗೂ ಹೇಳಿದೆ. ಆರ್ಡರ್ ಹಾಕಿದರೆ ಬರುತ್ತದೆ, ಓಟ ಮುಗಿದ ಮೇಲೆ. ಕೊನೆಗೆ ಅಣ್ಣನಿಗೆ ಫೋನು ಮಾಡಿದೆ.

"ಆ ಉಂಗುರ ಏನು? ಲಾಳ್ಯಾಗ ಕುಂದ್ರಿಸೇನಿ. ಎಷ್ಟ್ ಚಂದ ಓಡತೈತಿ ಅಂತಿ, ಬಂದು ನೋಡು," ಅಂದ, ಖುಷಿಯಿಂದ.

ನಾನು ವಿಷಯ ಹೇಳಿದೆ. ಅವನು ಉಂಗುರ ಕಿತ್ತುಕೊಂಡು, ಮಗ್ಗದ ಮೇಲಿನ ಸೀರೆಯನ್ನು ಅರ್ಧಕ್ಕೇ ಬಿಟ್ಟು, ಸಿಕ್ಕ ಬಸ್ಸಿಗೆ ಬಾಗಲಕೋಟೆಗೆ ಬಂದ. ಆದರೆ ಸುತ್ತಿಗೆಯ ಏಟಿಗೆ ಉಂಗುರದ ದುಂಡು ಕೆಟ್ಟಿತ್ತು. ಮೆಕ್ಯಾನಿಕ್ ಕೂರಿಸಿದ, ಬಿಗಿದ. ಶೈಲಾ ಹಿಡಿ ಅದುಮಿದಳು. ಎಣ್ಣೆ ಜಿನುಗಿ ಅವಳ ಬೆರಳಿನ ಸಂದಿಗೆ ಇಳಿಯಿತು.

ಬಾದಾಮಿಯಲ್ಲಿ ಬ್ರೇಕು ಪರೀಕ್ಷಿಸುತ್ತಿದ್ದವರು ಅವಳನ್ನು ಬದಿಗೆ ನಿಲ್ಲಿಸಿದರು. "ಒಂದ ಬ್ರೇಕಿನ ಮ್ಯಾಲ ಗುಡ್ಡ ಇಳಿಯಾಕ ಬಿಡಂಗಿಲ್ಲವ್ವ." ಅವರು ಹೇಳಿದ್ದು ಸರಿ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಬಯ್ಯಲು ಎದುರಿಗೆ ಒಬ್ಬರಾದರೂ ಬೇಕಲ್ಲ. ಉಳಿದ ಹುಡುಗಿಯರು ಧೂಳೆಬ್ಬಿಸಿ ಹೋದ ದಾರಿಯನ್ನು ನೋಡುತ್ತ ಶೈಲಾ ಹೆಲ್ಮೆಟ್ಟು ತೆಗೆಯದೆ ನಿಂತಿದ್ದಳು. ಮುಂದೆ ಒಬ್ಬರು ನೆಂಟರು ಮನೆಗೆ ಬಂದು, "ಹೆಣ್ಣಹುಡುಗಿಗೆ ಅದೆಲ್ಲಾ ಯಾಕ, ತಪ್ಪಿದ್ದ ಛಲೋ ಆತು," ಅಂದರು. ಅವರಿಗೆ ಚಹಾ ಕೊಡದೆ ಕಳಿಸಿದೆ. ಆ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆದರೆ ಸಿಟ್ಟು ಅಷ್ಟಕ್ಕೇ ಮುಗಿಯಲಿಲ್ಲ. ಕಂಪನಿ ಎಲ್ಲಿದೆಯೋ ಗೊತ್ತಿಲ್ಲ, ಅಂಗಡಿಯವನಿಗೆ ನನ್ನ ಮುಖವೂ ನೆನಪಿಲ್ಲ. ಕೈಗೆ ಸಿಗುವವನು ಅಣ್ಣ ಒಬ್ಬನೇ. ಫೋನಿನಲ್ಲಿ ಬಿಸಿಲು, ಮಳೆ, ಆರೋಗ್ಯ ಮಾತಾಡುತ್ತೇವೆ. ಖಂಡೇಪೂಜೆಗೆ ಇಳಕಲ್ಲಿಗೆ ಹೋಗದಿರಲು ಪ್ರತಿ ವರ್ಷ ನನಗೆ ಏನಾದರೊಂದು ಕೆಲಸ ಬರುತ್ತದೆ.

ಶೈಲಾ ಈಗ ಒಂದು ಶಾಲೆಯಲ್ಲಿ ಆಟದ ಟೀಚರು. ಬೆಳಗಿನ ಹೊತ್ತು ಒಂದಷ್ಟು ಹುಡುಗಿಯರಿಗೆ ಸೈಕಲ್ ಕಲಿಸುತ್ತಾಳೆ. ಈ ಪಾರ್ಸೆಲ್ಲು ಅವರಲ್ಲೊಬ್ಬಳ ಸೈಕಲ್ಲಿಗೆ ಬಂದ ಬ್ರೇಕು. ಕೆಂಪು ತುಂಡನ್ನು ಅವಳು ಬ್ರೇಕಿನ ಎರಡು ಬಿಲ್ಲೆಗಳ ನಡುವೆ ತುರುಕಿದಳು. ಗಾಲಿ ಇಲ್ಲದಾಗ ಯಾರಾದರೂ ಹಿಡಿ ಅದುಮಿದರೆ ಬಿಲ್ಲೆಗಳು ಕೂಡಿಕೊಂಡುಬಿಡುತ್ತವಂತೆ. ಅದನ್ನು ತಡೆಯಲು ಆ ತುಂಡು. ಕೊಳವೆ ಮತ್ತು ಒಂದು ಉಂಗುರವನ್ನು ಪಾಕೀಟಿನಲ್ಲಿಟ್ಟು, ಸೀಟಿನ ಕೆಳಗಿನ ಚೀಲದಲ್ಲಿ ಭದ್ರ ಮಾಡಿದಳು. ಇನ್ನೊಂದು ಉಂಗುರವನ್ನು ನನ್ನ ಅಂಗೈಯಲ್ಲಿಟ್ಟಳು.

"ಅತ್ತಿ, ಇದನ್ನ ಅಪ್ಪಗ ಕೊಡು."

"ಯಾಕ, ಮತ್ತ ಲಾಳಿಗೆ ಬಡ್ಯಾಕೇನು?"

"ಹೂಂ. ಆ ಲಾಳಿ ಅವತ್ತಿನಿಂದ ಗೂಟಕ್ಕ ತೂಗಾಕತ್ತೈತಿ. ಬ್ಯಾರೇದೇನೂ ಹಾಕಿಲ್ಲ ಅಂವ. ನಾ ಸಿಟ್ಟು ಬಿಟ್ಟು ಭಾಳ ದಿನ ಆತು ಅತ್ತಿ. ನೀ ಯಾವಾಗ ಬಿಡ್ತಿ ಅಂತ ಕಾಯಾಕತ್ತಾನ."

ಗೆಲ್ಲಬೇಕಿದ್ದವಳು ಬಿಟ್ಟ ಸಿಟ್ಟನ್ನು ನಾನು ಇಷ್ಟು ದಿನ ಜೋಪಾನ ಮಾಡಿಕೊಂಡು ಬಂದಿದ್ದೆ. ಕಂಪನಿಯವರ ಮೇಲಿನದು ಹಾಗೇ ಇದೆ, ಅದನ್ನು ಬಿಡುವವಳಲ್ಲ. ಈ ಹೊಸ ಪುಸ್ತಿಕೆಯಲ್ಲೂ ಎಣ್ಣೆ ಕುಡಿಯಬೇಡಿ ಎಂದಿದೆ, ಉಂಗುರದ ಮಾತಿಲ್ಲ.

ನಾಳೆ ಇಳಕಲ್ಲಿಗೆ ಹೊರಟಿದ್ದೇನೆ. ಉಂಗುರವನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದೇನೆ. ಸುತ್ತಿಗೆಯನ್ನು ಅಣ್ಣನ ಕೈಗೆ ನಾನೇ ಕೊಡುತ್ತೇನೆ.