ಓಡುವ ಮೋಟಾರಿಗೆ ಕೈ ಹಚ್ಚಬಾರದು

ಅತನೂರಿನ ಹೊಲದಲ್ಲಿರುವ ಬಾವಿ ಅರ್ಧ ನಮ್ಮದು, ಅರ್ಧ ಆಪಾಳದು. ಆಪಾ ಅಂದರೆ ಅಕ್ಕ; ಬದುವಿನ ಆಚೆಯ ಹೊಲದಾಕೆ, ನನಗಿಂತ ನಾಲ್ಕು ವರ್ಷ ಹಿರಿಯಳು. ನಾನು ಲಗ್ನವಾಗಿ ಈ ಊರಿಗೆ ಬಂದ ವಾರ, ಕಾನ್ವೆಂಟಿನಲ್ಲಿ ಕಲಿತ ಸೊಸೆ ಹೇಗಿರುತ್ತಾಳೆಂದು ನೋಡಲು ಬಂದವಳು ಅಲ್ಲಿಂದ ಇಲ್ಲಿಯವರೆಗೂ ಬರುತ್ತಲೇ ಇದ್ದಾಳೆ.

ಬಾವಿಯ ಕಟ್ಟೆಯ ಮೇಲೆ ಎರಡು ಮೋಟಾರು, ಒಂದೇ ಕಂಬಕ್ಕೆ ಎರಡು ಸ್ಟಾರ್ಟರ್ ಡಬ್ಬಿ. ಎರಡನ್ನೂ ಒಟ್ಟಿಗೆ ಓಡಿಸಿದರೆ ಲೈನು ತಾಳುವುದಿಲ್ಲ, ಹಾಗಾಗಿ ಪಾಳಿ. ಹಿಂದೊಮ್ಮೆ ನನ್ನ ಮಾವನವರು, ಪಾಳಿ ಮುಗಿಯಿತೆಂದು, ಆಪಾಳ ಮಾವನ ಓಡುವ ಮೋಟಾರನ್ನು ಬಂದ್ ಮಾಡಿದ್ದರಂತೆ. ಅದರಿಂದ ಎರಡೂ ಮನೆಗಳ ನಡುವೆ ಮೂರು ವರ್ಷ ಮಾತಿರಲಿಲ್ಲ. ಕೊನೆಗೆ ಹಿರಿಯರು ಬೇವಿನ ಕೆಳಗೆ ಕುಳಿತು ತೀರ್ಮಾನ ಹೇಳಿದರು: ಓಡುವ ಮೋಟಾರಿಗೆ ಇನ್ನೊಬ್ಬರು ಕೈ ಹಚ್ಚಬಾರದು. ಕರೆಂಟು ಹೋದರೆ ಪಾಳಿ ಮುಗಿಯಿತು. ಆಗ ಮುಂದಿನವರು ಬಂದು ಹಿಂದಿನವರ ಸ್ವಿಚ್ ಕೆಳಗೆ ಮಾಡಿ, ತಮ್ಮದನ್ನು ಮೇಲೆ ಮಾಡಿ ಹೋಗಬೇಕು. ಸ್ವಿಚ್ ಮೇಲಿದ್ದರೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ಚಾಲೂ ಆಗುತ್ತದೆ. ಅದಕ್ಕೆ ಈ ಕಡೆ ಆಟೋ ಅನ್ನುತ್ತಾರೆ.

ಆ ಕಾಲದಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಹೀಗಾಗಿ ನಿಯಮ ಚೆನ್ನಾಗಿ ನಡೆಯಿತು. ಸಾಕು, ನಿಲ್ಲಿಸು ಎಂದು ಒಬ್ಬರು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳುವ ಪ್ರಸಂಗವೇ ಬರಲಿಲ್ಲ. ನಲವತ್ತು ವರ್ಷ ಆ ಮಾತನ್ನು ನಮ್ಮಿಬ್ಬರ ಪರವಾಗಿ ಕರೆಂಟೇ ಹೇಳಿತು.

ಎರಡು ವರ್ಷದ ಹಿಂದೆ ಸಬ್‌ಸ್ಟೇಷನ್ನಿನ ಮಗ್ಗುಲಿಗೆ ಬಿಳಿ ಪೆಟ್ಟಿಗೆಗಳು ಬಂದವು. ಹಡಗಿನಲ್ಲಿ ಸಾಮಾನು ತರುವ ಕಂಟೇನರ್‌ಗಳಿರುತ್ತವಲ್ಲ, ಅಂಥವು. ಸಾಲಾಗಿ ನಿಲ್ಲಿಸಿ ಸುತ್ತ ತಂತಿಬೇಲಿ ಹಾಕಿದರು. ಒಳಗೆಲ್ಲ ಬ್ಯಾಟರಿ. ಊರವರಿಗೆ ತಿಳಿಹೇಳಲು ಜೇವರ್ಗಿ ಕಡೆಯ ಒಬ್ಬ ಹುಡುಗಿ ಬಂದಿದ್ದಳು, ಇಂಜಿನಿಯರ್, ತಲೆಯ ಮೇಲೆ ಹಳದಿ ಹೆಲ್ಮೆಟ್. ಪಂಚಾಯ್ತಿ ಕಟ್ಟೆಯ ಮುಂದೆ ನಿಂತು ಹೇಳಿದಳು: "ಮಧ್ಯಾಹ್ನ ಸೋಲಾರ್ ಕರೆಂಟ್ ಬೇಕಾದ್ದಕ್ಕಿಂತ ಹೆಚ್ಚ ಬರ್ತದರಿ, ಸಂಜಿಗೆ ಸಾಲಂಗಿಲ್ಲ. ಆಳಂದ ಕಡೆ ಗುಡ್ಡದ ಮ್ಯಾಲಿನ ಫ್ಯಾನು ಗಾಳಿ ಇದ್ರ ತಿರಗ್ತಾವ, ಇಲ್ಲಂದ್ರ ಇಲ್ಲ. ಹೆಚ್ಚಾದಾಗ ಇದರಾಗ ತುಂಬಿ ಇಡ್ತೇವ್ರಿ, ಕಡಿಮಿ ಬಿದ್ದಾಗ ತೆಗದು ಕೊಡ್ತೇವಿ."

"ಹಗೇವು ಇದ್ದಂಗ ಅನ್ನು," ಎಂದಳು ಆಪಾ ಹೆಂಗಸರ ಸಾಲಿನಿಂದ. ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಆಳದ ಕುಣಿಗೆ ಹಗೇವು ಅನ್ನುತ್ತಾರೆ; ಮುಚ್ಚಿಟ್ಟಾಗ ಅದರೊಳಗೆ ಕೆಟ್ಟ ಗಾಳಿ ಕೂಡುತ್ತದೆ.

"ಹೌದ್ರಿ ಅಮ್ಮಾ, ಹಗೇವೇ!"

"ಮತ್ತ ಬಾಯಿ ತೆರದ ಕೂಡ್ಲೆ ಇಳೀಬ್ಯಾಡ್ರಿ. ನಮ್ಮಪ್ಪ ಜರಾ ಗಾಳಿ ಆಡಲಿ ಅಂತ ಒಂದ ತಾಸು ಕುಂಡ್ರಸ್ತಿದ್ದ."

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಪೆಟ್ಟಿಗೆಗಳಿಗೂ ಅದೇ ಕಾರಣಕ್ಕೆ ಗಾಳಿಯ ದಾರಿ ಇಟ್ಟಿದ್ದೇವೆ, ಒಳಗೆ ಕಾವೇರಿದರೆ ಕೆಟ್ಟ ಗ್ಯಾಸ್ ಕೂಡುತ್ತದೆ ಎಂದು ತುಂಬ ಸೀರಿಯಸ್ಸಾಗಿ ವಿವರಿಸಿದಳು. ನನಗೆ ನಮ್ಮ ಫಿಸಿಕ್ಸ್ ಸಿಸ್ಟರ್ ನೆನಪಾದರು. ಕರೆಂಟೆಂದರೆ ಹರಿಯುವುದು, ಗರ್ಲ್ಸ್, ಡಬ್ಬಿಯಲ್ಲಿ ಮುಚ್ಚಿಡುವ ಬಿಸ್ಕತ್ತಲ್ಲ ಎನ್ನುತ್ತಿದ್ದರು. ಆ ಲ್ಯಾಬಿನ ಫಿನಾಯಿಲ್ ವಾಸನೆ, ಕಿಟಕಿಯಾಚೆಯ ಬೋಗನ್‌ವಿಲ್ಲಾ. ಸಿಸ್ಟರ್ ಈಗಿಲ್ಲ. ಇದ್ದಿದ್ದರೆ ಕರೆದು ತಂದು ತೋರಿಸುತ್ತಿದ್ದೆ.

ಕಳೆದ ಬೇಸಿಗೆ ಆಪಾಳ ಪಾಲಿಗೆ ಪರೀಕ್ಷೆಯ ಬೇಸಿಗೆ. ಹಿಂದಿನ ವರ್ಷ ಆಕೆಯ ಯಜಮಾನರು ತೀರಿಕೊಂಡಿದ್ದರು. ಅವರು ಹಚ್ಚಿದ ನಿಂಬೆಗಿಡಗಳು ಐದು ಸಾಲು. ಅವನ್ನು ಕಿತ್ತು ಕಬ್ಬು ಹಾಕಬೇಕೆಂದು ಮೈದುನ ಹಟ ಹಿಡಿದ. ಆಪಾ ಒಂದು ಬೇಸಿಗೆ ಕೇಳಿದಳು. ಕಾಯಿ ನಿಂತ ಸಾಲು ಇರಲಿ, ನಿಲ್ಲದ ಸಾಲು ನಿನಗೆ ಎಂದು ಮಾತಾಯಿತು. ಆತ ಒಪ್ಪಿದ. "ಭಾಬಿ, ಗಿಡಕ್ಕ ನೀರ ಹಾಕಿ ಹಾಕಿ ನೀವ ಒಣಗ್ತೀರಿ ನೋಡ್ರಿ," ಅಂದ. ಕೆಟ್ಟ ಮನುಷ್ಯನಲ್ಲ; ನಿಂಬೆ ಕಂಡರಾಗದು, ಅಷ್ಟೆ.

ಗಿಡಗಳಲ್ಲಿ ಬಟಾಣಿ ಗಾತ್ರದ ಹೀಚು ಹಿಡಿದಿತ್ತು. ಆ ಹೊತ್ತಿನಲ್ಲಿ ಒಂದು ನೀರು ತಪ್ಪಿದರೂ ಉದುರಿಹೋಗುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದೇನೆಂದರೆ, ಕಣ್ಣಿನ ಪೊರೆಯ ಆಪರೇಷನ್ನಿಗೆ ಹೋಗುವ ಬೆಳಿಗ್ಗೆ, ನಸುಕಿನ ಬಸ್ಸಿಗೆ ಮುಂಚೆ ಹೊಲಕ್ಕೆ ಹಾಯ್ದು, ನನ್ನ ಆಟೋ ಮೇಲೆ ಮಾಡಿ ಹೋದೆ. ಮೊದಲ ಪಾಳಿ ನನ್ನದು. ಹತ್ತರ ಹೊತ್ತಿಗೆ ಕರೆಂಟು ಹೋಗುತ್ತದೆ, ಆಪಾ ಬಂದು ತನ್ನದನ್ನು ಹಾಕಿಕೊಳ್ಳುತ್ತಾಳೆ. ನಲವತ್ತು ವರ್ಷದಿಂದ ಹಾಗೆಯೇ. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಪೆಟ್ಟಿಗೆಗಳನ್ನು ಹಿಂದಿನ ದಿನವಷ್ಟೇ ಲೈನಿಗೆ ಜೋಡಿಸಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಅದು ಕಿವಿಗೆ ಬಿದ್ದಿತ್ತು, ತಲೆಗೆ ಹತ್ತಿರಲಿಲ್ಲ.

ಆಪರೇಷನ್ ಆಗಿ ನಾಲ್ಕು ದಿನ ಕಡಗಂಚಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಬಂದಾಗ ಆಪಾ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಳು.

"ಬಾರಬೇ ಹೀರೋಯಿನ್," ಅಂದಳು. ದನಿಯಲ್ಲಿ ನಗೆ ಇರಲಿಲ್ಲ.

ಬಗ್ಗಿ ನೋಡಿದೆ. ಹೊಸ ಕಣ್ಣಿಗೆ ಮೊದಲು ಕಂಡದ್ದು ತಳದ ಕೆಸರು, ಅದರ ನಡುವೆ ಹಿಟ್ಟು ನಾದುವ ಪರಾತದಷ್ಟು ನೀರು. ನನ್ನ ಮೋಟಾರಿನ ಸುತ್ತ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ.

"ಏನಾತ್ರಿ ಆಪಾ?"

"ಏನಾಗ್ತದ? ಕರೆಂಟ್ ಹೋಗ್ಲಿಲ್ಲ." ಆಕೆ ಸೆರಗು ಸರಿಮಾಡಿಕೊಂಡಳು. "ಹತ್ತಕ್ಕ ಬಂದು ಕುಂತೆ. ಈಗ ಹೋಗ್ತದ, ಈಗ ಹೋಗ್ತದ ಅಂತ ನಿನ್ನ ಡಬ್ಬಿ ಲೈಟ್ ನೋಡಕೋತ ಕುಂತೆ. ರೊಟ್ಟಿ ಇಲ್ಲೇ ತಿಂದೆ. ನಿನ್ನ ನೀರು ಬದನಿ ಮಡಿ ತುಂಬತು, ದಾರಿ ತುಂಬತು, ನನ್ನ ಕಡೀ ಸಾಲಿನ ಬಾಜೂಕ ಹರದು ಹಳ್ಳಕ್ಕ ಹೋತು. ಮೂರಕ್ಕ ಬಾವಿ ಖಾಲಿ. ಒಣಾ ಓಡಿ ನಿನ್ನ ಮೋಟಾರ್ ಸುಟ್ಟತು. ಆಗ ನಿಂತತು."

"ಬಂದ್ ಮಾಡಬಾರದೇನ್ರಿ? ನಂದೇ ಮೋಟಾರ್ ಅಲ್ಲೇನು? ಒಂದ ಫೋನ್..."

"ಫೋನ್ ಹಚ್ಚಿದ್ದೆ. ಯಾವಾಕಿನೋ ಸ್ವಿಚ್ ಆಫ್ ಅಂತಾಳ. ಆಫ್ ಆಗಬೇಕಾದ್ದು ಆಗ್ವಲ್ದು, ಫೋನ್ ಆಫ್ ಆಗ್ಯಾದ."

"ಆದ್ರೂ ಆಪಾ..."

"ಓಡೋ ಮೋಟಾರ್ ಇತ್ತಬೇ. ನಿಮ್ಮ ಮಾವ, ನಮ್ಮ ಮಾವ ಇಬ್ರೂ ಮಣ್ಣಾಗ ಹೋಗ್ಯಾರ. ಮಾತು ಹೋಗಿಲ್ಲ."

ಬೇಸಿಗೆಯಲ್ಲಿ ನಮ್ಮ ಬಾವಿಗೆ ಸೆಲೆ ಸಣ್ಣದು. ಒಮ್ಮೆ ಬರಿದಾದರೆ ತುಂಬಲು ವಾರ ಬೇಕು. ಆ ನಾಲ್ಕು ದಿನ ಆಪಾ ಊರ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದ್ದಳು. ಈ ವಯಸ್ಸಿನಲ್ಲಿ ಹೊತ್ತ ಕೊಡಗಳು ಎಷ್ಟು ಗಿಡಕ್ಕೆ ಸಾಲುತ್ತವೆ? ಬದು ದಾಟಿ ಹೋಗಿ ನೋಡಿದೆ. ಗಿಡದ ಬುಡಗಳಲ್ಲಿ ಹಸಿರು ಹೀಚು ಮಣಿ ಚೆಲ್ಲಿದ ಹಾಗೆ ಬಿದ್ದಿತ್ತು. ಸಾರಿ ಅಂದೆ. ಸಾರಿ ಎಂಬುದನ್ನು ನಮಗೆ ಕಾನ್ವೆಂಟಿನಲ್ಲಿ ತುಂಬ ಚೆನ್ನಾಗಿ ಕಲಿಸಿದ್ದರು. ಆ ಗಿಡಗಳ ಕೆಳಗೆ ನಿಂತು ಅಂದಾಗ ಅದು ಏನೂ ಅಲ್ಲ ಅನ್ನಿಸಿತು.

ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು. ಮರುದಿನ ಬಿಸಿಲಲ್ಲೇ ಸಬ್‌ಸ್ಟೇಷನ್ನಿಗೆ ನಡೆದೆ. ಹೆಲ್ಮೆಟ್ಟಿನ ಹುಡುಗಿ ಕುರ್ಚಿ ಕೊಟ್ಟು, ನೀರು ಕೊಟ್ಟು ಕೇಳಿದಳು: "ಕಂಪ್ಲೇಂಟ್ ಏನ್ರಿ ಮ್ಯಾಡಂ?"

"ಕರೆಂಟ್ ಹೋಗ್ಲಿಲ್ಲ," ಅಂದೆ.

ಆಕೆ ನನ್ನ ಕಪ್ಪು ಕನ್ನಡಕವನ್ನು ನೋಡಿದಳು. ಬಿಸಿಲು ತಲೆಗೇರಿದೆ ಅಂದುಕೊಂಡಿರಬೇಕು. ಯಾವ ದಿನವೆಂದು ಕೇಳಿದಳು. ಹೇಳಿದೆ. ಮುಖ ಅರಳಿತು. ಕೈಹಿಡಿದು ಒಳಗೆ ಕರೆದೊಯ್ದು ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. "ಇದು ಕರೆಂಟಿನ ಫ್ರೀಕ್ವೆನ್ಸಿ, ಐವತ್ತರ ಮ್ಯಾಲ ನಿಂದರಬೇಕ್ರಿ. ಕೆಳಗ ಬಿದ್ರ ಒಂದೊಂದ ಲೈನ್ ತಾನೇ ಕಟ್ ಆಗ್ತಾವ. ಅವತ್ತ ಹತ್ತರ ಸುಮಾರಿಗೆ ಗುಡ್ಡದ ಮ್ಯಾಲ ಗಾಳಿ ನಿಂತತ್ರಿ, ಮ್ಯಾಲ ಮೋಡ ಬೇರೆ ಬಂತು. ನೋಡ್ರಿಲ್ಲಿ, ಬೀಳಾಕತ್ತಿತ್ತು. ಕಣ್ಣ ಮುಚ್ಚಿ ತೆರಿಯೂದ್ರಾಗ ಬ್ಯಾಟರಿ ಹಿಡೀತು. ಮಧ್ಯಾಹ್ನ ಮತ್ತೊಮ್ಮಿ. ಮೊದಲಿನಂಗ ಇದ್ರ ಎರಡ ಸಲ ಹೋಗ್ತಿತ್ರಿ. ನಾ ಬ್ಯಾಟರಿ ಡ್ಯೂಟಿಗೆ ಕುಂತ ಮೊದಲನೇ ದಿನ ಅದು!"

ಗೆರೆಯಲ್ಲಿ ಎರಡು ಸಣ್ಣ ಕುಳಿ, ಕೆನ್ನೆಯ ಮೇಲೆ ನಗುವಾಗ ಬೀಳುವಂಥವು. ಮೊದಲ ಕುಳಿಯಲ್ಲಿ ಆಪಾ ಏಳಬೇಕಿತ್ತು, ನನ್ನ ಸ್ವಿಚ್ ಕೆಳಗೆ ಮಾಡಬೇಕಿತ್ತು. ನಾನು ಮೂವತ್ತು ವರ್ಷ ಟೀಚರಾಗಿದ್ದವಳು. ಒಳ್ಳೆಯ ಉತ್ತರ ಬರೆದು ತಂದ ಹುಡುಗಿಯ ಮುಖ ನನಗೆ ಗೊತ್ತು. "ವೆರಿ ಗುಡ್," ಅಂದೆ. ಬಂದ ದಾರಿಯಲ್ಲಿ ವಾಪಸ್ ನಡೆದೆ. ಬಹಳ ದಣಿದಿದ್ದೆ.

ಬೇಸಿಗೆ ಮುಗಿಯುವವರೆಗೆ ನನ್ನ ಪಾಳಿಯನ್ನೂ ಆಪಾಳಿಗೇ ಬಿಟ್ಟೆ. ಮೋಟಾರು ರಿಪೇರಿಗೆ ಕಳಿಸುವ ಗೋಜಿಗೇ ಹೋಗಲಿಲ್ಲ. ಬದನೆ ಒಣಗಿದವು. ಆದರೆ ಉದುರಿದ ಹೀಚು ಮತ್ತೆ ಗಿಡಕ್ಕೆ ಹತ್ತಲಿಲ್ಲ. ಮೈದುನ ಬಂದು ಸಾಲು ಸಾಲಾಗಿ ನೋಡಿದ. ನನ್ನ ಬದುವಿನಂಚಿನ ಕಡೆಯ ಸಾಲಿನಲ್ಲಿ ಮಾತ್ರ ಕಾಯಿ ತುಂಬಿತ್ತು. ಅಂದು ಹಳ್ಳಕ್ಕೆ ಹರಿದುಹೋದ ನನ್ನ ನೀರನ್ನು ಆ ಸಾಲಿನ ಬೇರುಗಳು ಕುಡಿದಿದ್ದವು. ಮಾತಿನಂತೆ ಅದನ್ನು ಬಿಟ್ಟ. ಉಳಿದ ನಾಲ್ಕು ಸಾಲಿನ ಮೇಲೆ ಜೆಸಿಬಿ ಬಂತು. ಆಪಾ ಆ ದಿನ ನಮ್ಮ ಮನೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿದಳು. ಒಂದು ಬುಟ್ಟಿ ಸುಲಿದಳು. ಅಷ್ಟು ಬೆಳ್ಳುಳ್ಳಿ ನನಗೆ ಬೇಕಿರಲಿಲ್ಲ.

ಮಳೆಗಾಲದ ಮೊದಲಿಗೆ ನನ್ನ ಮೋಟಾರೂ ರಿಪೇರಿಯಾಗಿ ಬಂತು. ಕರೆಂಟು ಹೋಗುವುದನ್ನು ನಂಬಿ ಇನ್ನು ಬದುಕುವಂತಿಲ್ಲ. ಮಧ್ಯಾಹ್ನದ ಅಜಾನ್ ಕೇಳಿದರೆ ಪಾಳಿ ಬದಲಾಗಲಿ ಎಂದು ಆಪಾಳೇ ಗೊತ್ತುಮಾಡಿದಳು. ಮೊದಲ ದಿನ ಅಜಾನ್ ಆದಾಗ ಆಪಾಳ ಮೋಟಾರು ಓಡುತ್ತಿತ್ತು. ನಾವಿಬ್ಬರೂ ಕಂಬದ ಕೆಳಗಿದ್ದೆವು.

"ಬಂದ್ ಮಾಡಬೇ," ಅಂದಳು.

"ನೀವೇ ಮಾಡ್ರಿ ಆಪಾ. ಇಲ್ಲೇ ಇದ್ದೀರಲ್ಲ."

"ಇದ್ದಾಗ ಮಾಡಿ ರೂಢಿ ಆಗಲಿ. ನಾಳಿ ನೀ ಇನ್ನೊಂದ ಕಣ್ಣಿಗಿ ಹೋಗ್ತಿ. ಆಗ ನಾ ನಿಂದು ಬಂದ್ ಮಾಡಬೇಕಲ್ಲ? ನೀ ನಂದು ಮಾಡ್ಲಾರದ ನಾ ನಿಂದು ಹ್ಯಾಂಗ ಮಾಡ್ಲಿ?"

ಹೇಳಿ, ನೋಡಬಾರದೆಂದೋ ಏನೋ, ಬೆನ್ನು ತಿರುಗಿಸಿ ನಿಂತಳು. ನಾನು ಆಕೆಯ ಡಬ್ಬಿಯ ಬಂದ್ ಮಾಡುವ ಕೆಂಪು ಗುಂಡಿಯ ಮೇಲೆ ಬೆರಳಿಟ್ಟೆ. ಡಬ್ಬಿ ಬೆಚ್ಚಗಿತ್ತು, ಒಳಗೆ ನಡುಗುತ್ತಿತ್ತು. ಕಾಲುವೆಯ ನೀರು ಆ ಒಂದು ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಹೋಗುತ್ತಿತ್ತು, ಕೊನೆಯ ಎರಡು ಗಿಡ ಇನ್ನೂ ಬಾಕಿ ಇದ್ದವು.

"ಎರಡ ಗಿಡ ಉಳದಾವ್ರಿ," ಅಂದೆ.

"ಗೊತ್ತದ," ಅಂದಳು ತಿರುಗದೆ. "ಒತ್ತು."

ಒತ್ತಿದೆ.