ತಿನ್ನದವರು ಸಾಕಿದ ಮೀನು

ಅವರ ಅಂಗಿಯ ಬಲತೋಳು ಮೊಣಕೈವರೆಗೂ ಸದಾ ಒದ್ದೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಮೈಯಲ್ಲಿ ಸಣ್ಣಗೆ ಮೀನಿನ ವಾಸನೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಈ ಮೂರನ್ನೂ ಒಟ್ಟಿಗೆ ಧರಿಸಿದ ಮಹನೀಯರು ನಮ್ಮ ಎದುರುಮನೆಯವರೊಬ್ಬರೇ.

ತಾಂಡ್ಯದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತರಾದವರು. ಯೂಟ್ಯೂಬ್ ನೋಡಿ ತಾರಸಿಯ ಮೇಲೆ ತೊಟ್ಟಿ ಇಟ್ಟು ಜಿಲೇಬಿ ಮೀನಿನ ಮರಿ ಬಿಟ್ಟರು. ಮೀನಿನ ಹೊಲಸು ಬೆರೆತ ನೀರು ಪಂಪಿನಲ್ಲಿ ಮೇಲೇರಿ, ಜಲ್ಲಿ ತುಂಬಿದ ತಟ್ಟೆಗಳ ಪಾಲಕ್ ಸೊಪ್ಪಿಗೆ ಗೊಬ್ಬರವಾಗಿ, ತಿಳಿಯಾಗಿ ಮತ್ತೆ ತೊಟ್ಟಿಗೆ ಇಳಿಯುತ್ತಿತ್ತು. ಅವರ ಮನೆಯಾಕೆ ಆ ಸೊಪ್ಪನ್ನು ಒಲೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಹೀಗಾಗಿ ಅದನ್ನು ಉಂಡು ವಿಜ್ಞಾನಕ್ಕೆ ಸೇವೆ ಸಲ್ಲಿಸುವ ಭಾರ ನಮ್ಮ ಮನೆಯ ಮೇಲೆ ಬಿತ್ತು. ನಾವು ಮೀನನ್ನೂ ತಿನ್ನುವವರು. ಅದು ಅವರಿಗೆ ಗೊತ್ತಿತ್ತು.

“ಮೇಷ್ಟ್ರೇ, ನೀವು ನನ್ನ ಮೀನ್ ನೋಡೋ ನೋಟ ಸರಿಯಿಲ್ಲ ಕಣ್ರೀ,” ಎನ್ನುತ್ತಿದ್ದರು.

ಮಾಗಿಯಲ್ಲಿ ತೊಟ್ಟಿಗೆ ಕಂಬಳಿ ಹೊದಿಸಿ ಮೇವು ಕಡಿಮೆ ಮಾಡುವರು. “ಚಳೀಲಿ ಅವಕ್ಕೆ ಅರಗಲ್ಲ. ನಿಮ್ ಥರ ಬೋಂಡ ತಿಂದ್ಕೊಂಡು ಕೂರಲ್ಲ ಅವು.” ಬೇಸಿಗೆಗೆ ತೆಂಗಿನ ಗರಿಯ ಚಪ್ಪರ. ಥರ್ಮಾಮೀಟರು ಇತ್ತು, ಆದರೆ ಕೂಸಿನ ಸ್ನಾನಕ್ಕೆ ಹದ ನೋಡುವಂತೆ ಮೊಣಕೈ ಅದ್ದಿದ ಮೇಲೆಯೇ ಅದನ್ನು ನಂಬುತ್ತಿದ್ದರು.

ತೊಡಕು ಒಂದೇ. ಮೀನು ಸಾಕುವವರು ಬೆಳೆದದ್ದನ್ನು ತೆಗೆಯುತ್ತಾರೆ. ಇವರು ತೆಗೆಯಲಿಲ್ಲ. ಬೆರಳುದ್ದದವು ಅಂಗೈಯುದ್ದವಾಗಿ, ಮರಿ ಹಾಕಿ, ತೊಟ್ಟಿ ಸಂತೆಯಾಯಿತು. ಸೆಖೆಗೆ ನೀರಿನಲ್ಲಿ ಗಾಳಿ ಕಡಿಮೆಯಾಗುತ್ತದೆ, ಅರ್ಧವನ್ನಾದರೂ ಕೊಟ್ಟುಬಿಡಿ ಎಂದೆ.

“ಯಾರಿಗ್ರೀ ಕೊಡ್ಲಿ? ನಿಮಗಾ?”

“ಹೊಳೆಗೆ ಬಿಡಿ.”

“ಅಲ್ಲಿ ಬಲೆ ಹಾಕ್ಕೊಂಡು ಕೂತವ್ರಲ್ಲ, ಅವ್ರೂ ನಿಮ್ ಪಾರ್ಟೀನೇ!”

ಕಳೆದ ಏಪ್ರಿಲ್ಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತಿತು. ಅವರು ಕೂಗಿದ ರೀತಿಗೆ ನಾನು ಚಪ್ಪಲಿ ಮೆಟ್ಟದೆ ಓಡಿದೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದಿದ್ದವು. ಐಸ್ ತರಲು ಹೋದೆ. ಹತ್ತಿರದಲ್ಲಿ ಐಸ್ ಇದ್ದದ್ದು ಮೀನಂಗಡಿಯಲ್ಲೇ.

“ಬರೀ ಐಸಾ ಸಾ? ಮೀನ್ ಬ್ಯಾಡ್ವಾ?” ಎಂದಳು ನರಸೀಪುರದ ಕಡೆಯ ಅಂಗಡಿಯಾಕೆ.

“ಮೀನಿಗೇ ಕಣಮ್ಮ.”

“ಅಂಗಾರೆ ಬಿರ್ನೆ ಓಗಿ, ಕೆಟ್ಟೋಯ್ತದೆ.”

ತಾರಸಿಗೆ ತಂದು ಸುರಿಯಲು ಹೋದರೆ ಎದುರುಮನೆಯವರು ಕೈ ಹಿಡಿದರು. “ಬೇಡಿ! ದಿಢೀರ್ ಅಂತ ತಣ್ಣಗಾದ್ರೆ ಇರೋವೂ ಹೋಯ್ತವೆ.” ಐಸನ್ನು ಕವರಿಗೆ ಕಟ್ಟಿ ಒಂದೊಂದಾಗಿ ಇಳಿಬಿಟ್ಟರು. ಆಮೇಲೆ ಇಬ್ಬರೂ ಗಾಳಿ ಬೆರೆಯಲೆಂದು ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತ ನಿಂತೆವು. ಲಿಂಗವಿಲ್ಲದ ಕಡೆ ಅಭಿಷೇಕಕ್ಕೆ ನಿಂತ ಇಬ್ಬರು ಮುದುಕರು. ದೊಡ್ಡವೇ ಮೊದಲು ಮಗುಚಿದವು. ಅವರು ಮೊದಲ ಸಲ ತಂದು ಬಿಟ್ಟಿದ್ದ ಮರಿಗಳೇ ಅವು. ಕರೆಂಟು ಬರುವಷ್ಟರಲ್ಲಿ ನಮ್ಮ ತೋಳುಗಳು ಮೇಲೇಳುತ್ತಿರಲಿಲ್ಲ.

ಸತ್ತವನ್ನು ತೆಂಗಿನ ಬುಡದಲ್ಲಿ ಹೂತು ಬಂದು, ಬದುಕಿದ್ದರಲ್ಲಿ ಅರ್ಧವನ್ನು ಬಕೆಟ್ಟಿಗೆ ಹಿಡಿದು ನನ್ನ ಮುಂದಿಟ್ಟರು.

“ತಗೊಂಡ್ಹೋಗಿ ಮೇಷ್ಟ್ರೇ. ಏನ್ ಮಾಡಿದ್ರಿ ಅಂತ ಮಾತ್ರ ನಂಗೆ ಹೇಳ್ಬೇಡಿ.”

ಮನೆಯಲ್ಲಿ ನನ್ನ ಹೆಂಡತಿ ಮಸಾಲೆಗೆ ಕಾಯಿ ತುರಿಯುತ್ತ ಬಕೆಟ್ಟಿನೊಳಗೆ ಒಮ್ಮೆ ಬಗ್ಗಿ ನೋಡಿದಳು. ತುರಿದ ಕಾಯಿಯಿಂದ ಚಟ್ನಿಯಾಯಿತು. ಮೀನುಗಳು ಹಿತ್ತಲ ನೀರಿನ ತೊಟ್ಟಿ ಸೇರಿದವು.

ಮಾಗಿಯಲ್ಲಿ ಎದುರುಮನೆಯವರು ನಿದ್ದೆಯಲ್ಲೇ ಹೋದರು. ಈಗ ಮತ್ತೆ ಬಿಸಿಲು ಏರುತ್ತಿದೆ. ನಾನು ತೊಟ್ಟಿಯ ಹತ್ತಿರ ಹೋದರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಹಸಿವಿಗೋ, ಉಸಿರಿಗೋ ಎಂದು ಕೇಳಲು ಅವರಿಲ್ಲ.